ಮೆಟ್ಟಿಲ ಕೆಳಗಿನ ಇಸ್ತ್ರಿ ಕೋಣೆ

ತನ್ನ ಗುಂಡಿಯನ್ನು ತನ್ನ ಬಾಯಿಂದಲೇ ತೋಡಿಸಿದರು ಎಂಬ ಸಿಟ್ಟು ಇಸ್ತ್ರಿಯಣ್ಣನಿಗೆ ಇವತ್ತಿಗೂ ಆರಿಲ್ಲ. ಯಾರಾದರೂ ಆ ಭಾಷಣದ ಮಾತೆತ್ತಿದರೆ ಸಾಕು, ಇಸ್ತ್ರಿ ಪೆಟ್ಟಿಗೆಯನ್ನು ಕುಕ್ಕಿ ನಿಲ್ಲಿಸಿ, ಎದುರಿಗಿರುವವನೇ ಮೋಸ ಮಾಡಿದವನೋ ಎಂಬಂತೆ ಜಾಡಿಸುತ್ತಾನೆ. ಹೆಂಡತಿ ಒಳಗಿನಿಂದ, "ಶುರುವಾಯ್ತು" ಅನ್ನುತ್ತಾಳೆ. ಅವಳು ಅಂದುಕೊಳ್ಳಲಿ. ಅವನ ಸಿಟ್ಟಿನಲ್ಲಿ ಎಳ್ಳಷ್ಟೂ ಸುಳ್ಳಿಲ್ಲ.

ವಿಶ್ವವಿದ್ಯಾಲಯದ ಹಾಸ್ಟೆಲ್ಲಿನ ಮೆಟ್ಟಿಲ ಕೆಳಗೆ ಅವನಿಗೊಂದು ಕೋಣೆ ಇತ್ತು. ಸೂರು ಮೆಟ್ಟಿಲಿನ ಜೊತೆಗೇ ಇಳಿದು ಬರುತ್ತಿದ್ದುದರಿಂದ ಒಂದು ಕಡೆ ನಿಂತು, ಇನ್ನೊಂದು ಕಡೆ ಬಗ್ಗಿ ಕೆಲಸ ಮಾಡಬೇಕು. ಕಿಟಕಿ ತೆರೆದರೆ ಬಟ್ಟೆ ಒಣಹಾಕುವ ಹಿತ್ತಲು. ಅವನ ಸಂಸಾರ ನಡೆಯುತ್ತಿದ್ದುದೇ ಆ ಕೋಣೆಯಿಂದ. ಹನ್ನೊಂದು ವರ್ಷ ನಾಲ್ಕು ಮಹಡಿಯ ಹುಡುಗರ ಬಟ್ಟೆ ಒಗೆದು, ಇಸ್ತ್ರಿ ಮಾಡಿ, ಒಂದೇ ಒಂದು ಅಂಗಿ ಅದಲುಬದಲಾಗದಂತೆ ಕೊಟ್ಟಿದ್ದ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೆಸರು ಬರೆದಿಡುವ ರಗಳೆ ಬೇಡವೆಂದು ತಾನೇ ಒಂದು ಗುರುತು ಕಂಡುಕೊಂಡಿದ್ದ. ಮಹಡಿಗೊಂದು ಬಣ್ಣದ ದಾರ. ಕಾಲರಿನ ಒಳಗೆ, ಕೋಣೆ ನಂಬರಿನ ಹತ್ತಕ್ಕೊಂದು ಅಡ್ಡ ಹೊಲಿಗೆ, ಬಿಡಿಗೊಂದು ಉದ್ದ ಹೊಲಿಗೆ. ಇಪ್ಪತ್ತಮೂರನೇ ಕೋಣೆಯವನಿಗೆ ಎರಡು ಅಡ್ಡ, ಮೂರು ಉದ್ದ. ಎಷ್ಟು ಒಗೆದರೂ ಅಳಿಸುವ ಮಾತಿಲ್ಲ.

ಈ ಗುರುತಿನ ಮೇಲೆ ಕಣ್ಣು ಹಾಕಿದವನು ಗುಂಗುರು. ತಲೆಗೂದಲು ನೋಡಿ ಇಸ್ತ್ರಿಯಣ್ಣನೇ ಇಟ್ಟ ಹೆಸರದು. ಏನೋ ಪ್ರಾಜೆಕ್ಟು ಎಂದು ಮೂರು ತಿಂಗಳು ಬಟ್ಟೆ ಗಂಟಿನ ಮೇಲೆ ಕೂತು, ಕೇಳಿದ್ದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡ. ಯಾವ ಬಟ್ಟೆಗೆ ಎಷ್ಟು ಬಿಸಿ, ಮಸಿ ಕಲೆ ಹೇಗೆ ತೆಗೆಯೋದು, ಯಾವ ದಿನ ಯಾವ ಮಹಡಿ, ಒಂದನ್ನೂ ಇಸ್ತ್ರಿಯಣ್ಣ ಮುಚ್ಚಿಡಲಿಲ್ಲ. ಒಡಹುಟ್ಟಿದ ತಮ್ಮನಿಗೂ ಅಷ್ಟು ಹೇಳಿರಲಿಕ್ಕಿಲ್ಲ.

ಆಮೇಲೆ ಗುಂಗುರು ತನ್ನ ಮೇಷ್ಟ್ರನ್ನು ಕರೆತಂದ. ಹುಡುಗರಿಗೆ ಸ್ವಂತ ಉದ್ಯೋಗದ ಹುರುಪು ತುಂಬುವ ಕಾರ್ಯಕ್ರಮವಿದೆ, ನೀವು ಬಂದು ನಾಲ್ಕು ಮಾತಾಡಬೇಕು ಎಂದರು ಮೇಷ್ಟ್ರು. ಹನ್ನೊಂದು ವರ್ಷದಲ್ಲಿ ಹಾಸ್ಟೆಲ್ಲಿನಲ್ಲಿ ಅವನಿಗೆ 'ನೀವು' ಅಂದ ಮೊದಲ ದೊಡ್ಡ ಮನುಷ್ಯ. ಇಸ್ತ್ರಿಯಣ್ಣ ಉಬ್ಬಿಹೋದ. ಮೈಕಿನ ಮುಂದೆ ನಿಂತು, "ಇನ್ನೊಬ್ಬರ ಬಾಗಿಲು ಕಾಯಬೇಡಿ, ಮಕ್ಕಳೇ. ನಿಮ್ಮ ಸುತ್ತಮುತ್ತಲೇ ನೋಡಿ, ಯಾವ ಕೆಲಸಾನ ನೀವು ಇನ್ನೂ ಚೆನ್ನಾಗಿ ಮಾಡಬಹುದೋ ಅದಕ್ಕೆ ಕೈ ಹಾಕಿ" ಎಂದ. ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನಲ್ಲಿದ್ದ ಗುಂಗುರು ಎಲ್ಲರಿಗಿಂತ ಜೋರಾಗಿ ತಟ್ಟಿದ.

ಎರಡು ತಿಂಗಳಿಗೆ ಕೋಣೆಯ ಬಾಗಿಲಿಗೆ ನೋಟೀಸು ಬಂತು. ವಿದ್ಯಾರ್ಥಿಗಳೇ ನಡೆಸುವ ಲಾಂಡ್ರಿಗೆ ಆ ಜಾಗ ಕೊಟ್ಟಿದೆಯಂತೆ. ಹೊರಗಿನವರು ಹಾಸ್ಟೆಲ್ಲಿನೊಳಗೆ ಬಟ್ಟೆ ಸಂಗ್ರಹಿಸುವಂತಿಲ್ಲವಂತೆ. ಓದಿ ಹೇಳಿದವನು ಕಾವಲುಗಾರ. ಲಾಂಡ್ರಿಯ ಮಾಲೀಕ ಯಾರೆಂದು ಕೇಳಿದರೆ, ಗುಂಗುರು. ಇಸ್ತ್ರಿಯಣ್ಣ ನೋಟೀಸು ಕಿತ್ತುಕೊಂಡು ವಾರ್ಡನ್ ಮುಂದೆ ಹೋಗಿ ನಿಂತ.

"ನೀನೇ ಹೇಳಿದ್ಯಲ್ಲಪ್ಪಾ ಅವತ್ತು," ಎಂದರು ವಾರ್ಡನ್, ಕಡತದಿಂದ ತಲೆ ಎತ್ತದೆ. "ಹುಡುಗರು ಸ್ವಂತ ಕಾಲ ಮೇಲೆ ನಿಲ್ಲಬೇಕು ಅಂತ. ನಿಂತಿದ್ದಾರೆ."

"ನಿಂತಿರೋದು ನನ್ನ ಕಾಲ ಮೇಲೆ, ಸಾರ್."

ವಾರ್ಡನ್ ನಕ್ಕರು. ನಗುವ ಮಾತಾಗಿರಲಿಲ್ಲ ಅದು. ಇಸ್ತ್ರಿಯಣ್ಣ ಅಲ್ಲಿ ಏನೇನು ಅಂದನೋ ಬರೆಯುವಂಥದ್ದಲ್ಲ; ಕಾವಲುಗಾರ ಬಂದು ತೋಳು ಹಿಡಿದು ಹೊರಗೆ ಬಿಟ್ಟ. ಇಸ್ತ್ರಿಯಣ್ಣ ಮೇಜನ್ನು ಮನೆಯ ಜಗಲಿಗೆ ಹಾಕಿಕೊಂಡ. ಹಾಸ್ಟೆಲ್ಲಿನ ಬಟ್ಟೆ ನಿಂತುಹೋಯಿತು, ಅಕ್ಕಪಕ್ಕದ ಮನೆಗಳ ನಾಲ್ಕು ಅಂಗಿಯಲ್ಲಿ ದಿನ ದೂಡಬೇಕಾಯಿತು.

ಒಂದು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಗುಂಗುರು ಏದುಸಿರು ಬಿಡುತ್ತಾ ಜಗಲಿಗೆ ಬಂದ. ಸಂಜೆ ಕೊನೆಯ ವರ್ಷದವರ ಬೀಳ್ಕೊಡುಗೆ, ಎಲ್ಲರೂ ಬಿಳಿ ಅಂಗಿಯೇ ತೊಡಬೇಕು. ಲಾಂಡ್ರಿಯಲ್ಲಿ ತೊಂಬತ್ತು ಬಿಳಿ ಅಂಗಿ ರಾಶಿ ಬಿದ್ದಿದೆ, ಯಾವುದು ಯಾರದೆಂದು ದೇವರಿಗೇ ಗೊತ್ತು. ಆಗಿದ್ದು ಇಷ್ಟೇ: ನೋಟ್‌ಬುಕ್ಕಿನಲ್ಲಿ ಗುರುತಿನ ಲೆಕ್ಕವೆಲ್ಲ ಇತ್ತು, ಆದರೆ ಹೊಲಿಯುತ್ತಾ ಕೂರುವವರು ಯಾರು? ದಾರ ನೋಡಲು ಚೆನ್ನಾಗಿಲ್ಲವೆಂದು ಹಳೆಯ ಹೊಲಿಗೆಯನ್ನೂ ಕಿತ್ತು, ನಂಬರಿನ ಚೀಟಿ ಅಂಟಿಸಿದ್ದರು. ಮಷೀನಿನ ಬಿಸಿನೀರಿಗೆ ಚೀಟಿಗಳು ಮುದ್ದೆಯಾಗಿದ್ದವು.

ಇಸ್ತ್ರಿಯಣ್ಣ ಮನಸಾರೆ ಬೈದ. ಬೈದು ಬೈದು ಬಾಯಿ ಒಣಗಿದ ಮೇಲೆ, "ರಾಶಿ ಎಲ್ಲಿ?" ಎಂದ.

"ಅಣ್ಣಾ, ಇದೊಂದು ಸಲ ಮಾನ ಉಳಿಸಿ," ಎಂದ ಗುಂಗುರು. "ನಾಳೇನೇ ವಾರ್ಡನ್ ಹತ್ರ ಮಾತಾಡ್ತೀನಿ. ಆ ಕೋಣೆ ನಿಮಗೆ ವಾಪಸ್. ಮಷೀನೆಲ್ಲ ನಾವು ಮೇಲಕ್ಕೆ ಸಾಗಿಸ್ತೀವಿ."

"ಬರೆಸ್ಕೊಳ್ರೀ ಮೊದಲು," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

ಅವನು ಬರೆಸಿಕೊಳ್ಳಲಿಲ್ಲ. ಜೀವಮಾನದಲ್ಲಿ ಒಂದು ಚೀಟಿ ಬರೆಯದೆ ಇಡೀ ಹಾಸ್ಟೆಲ್ಲಿನ ಬಟ್ಟೆ ಕಾಪಾಡಿದವನು, ಒಂದು ಮಾತಿಗೆ ಕಾಗದ ಕೇಳುವುದೇ ಅವಮಾನವೆಂದು ತಿಳಿದ.

ರಾಶಿಯ ಮುಂದೆ ಕೂತು ಒಂದೊಂದೇ ಅಂಗಿಯನ್ನು ಬೆಳಕಿಗೆ ಹಿಡಿದ. ದಾರ ಹೋದರೇನು, ಅವನ ಕೈ ಹಾದುಹೋದ ಬಟ್ಟೆಗಳವು. ಇವನು ಕತ್ತು ಕೆರೆದುಕೊಳ್ಳುವವನು, ಕಾಲರಿನ ಎಡಗಡೆ ಸವೆದಿದೆ. ಇವನಿಗೆ ಕೆಳಗಿನ ಗುಂಡಿ ತಾನೇ ಹಾಕಿಕೊಟ್ಟಿದ್ದು, ಬೇರೆ ಬಿಳುಪು. ಇವನ ಜೇಬಿನಲ್ಲಿ ಪೆನ್ನು ಸೋರಿ ಕಲೆ ಉಳಿದಿದೆ. ಮಧ್ಯಾಹ್ನ ಮೂರಕ್ಕೆಲ್ಲ ವಿಂಗಡಿಸಿ ಮುಗಿಸಿದ. ಉಳಿದದ್ದು ಆರು, ಅವು ಅವನ ಕೈ ಕಾಣದ ಹೊಸ ಅಂಗಿಗಳು. ಗುಂಗುರು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ನಾಟಕವೆಂದು ಇಸ್ತ್ರಿಯಣ್ಣನಿಗೆ ಆಗ ಅನ್ನಿಸಲಿಲ್ಲ.

ಒಂದು ವಾರ ಕಾದ, ಒಂದು ತಿಂಗಳು ಕಾದ. ಫೋನು ಮಾಡಿದರೆ ಎತ್ತುವವರಿಲ್ಲ. ಕೊನೆಗೆ ಒಗೆದ ಅಂಗಿ ತೊಟ್ಟು ಹಾಸ್ಟೆಲ್ಲಿಗೇ ಹೋದ. ಮೆಟ್ಟಿಲ ಕೆಳಗೆ ಮುಖ ಗೊತ್ತಿಲ್ಲದ ಇಬ್ಬರು ಹುಡುಗರಿದ್ದರು. ಗುಂಗುರು ಓದು ಮುಗಿಸಿ, ಲಾಂಡ್ರಿಯನ್ನು ಇವರಿಗೆ ಮಾರಿ, ಯಾವುದೋ ದೊಡ್ಡ ಕಂಪನಿಯಲ್ಲಿ ತಿಂಗಳ ಸಂಬಳಕ್ಕೆ ಸೇರಿದ್ದ. ಸ್ವಂತ ಉದ್ಯೋಗವಂತೆ, ಹುರುಪಂತೆ. ಇಂಥವನಿಗೆ ಏನನ್ನಬೇಕೋ ನೀವೇ ಹೇಳಿ.

ಹುಡುಗರು ಒಳ್ಳೆಯವರೇ. ಕುರ್ಚಿ ಕೊಟ್ಟರು. ನಮಗೂ ಇಸ್ತ್ರಿಗೆ ಜನ ಬೇಕಾಗಿದೆ, ಬೆಳಿಗ್ಗೆ ಹೊತ್ತು ಬರುತ್ತೀರಾ ಎಂದೂ ಕೇಳಿದರು. ಇಸ್ತ್ರಿಯಣ್ಣ ಕೂರಲಿಲ್ಲ. ತೊಂಬತ್ತು ಅಂಗಿಯ ಕಥೆ ಹೇಳಿ, ಈ ಕೋಣೆಯ ಮಾತೇನಾಯಿತು ಎಂದ.

ಅವರಲ್ಲಿ ದೊಡ್ಡವನು ಡ್ರಾಯರ್ ತೆಗೆದು ಗುಂಗುರು ಸಹಿ ಹಾಕಿದ ಕಾಗದ ಹೊರಗಿಟ್ಟ. ಬೆರಳಿಟ್ಟು ಓದುತ್ತಾ ಹೋದ: ಮಷೀನು ಮೂರು, ಇಸ್ತ್ರಿ ಮೇಜು ಎರಡು, ಗಿರಾಕಿಗಳ ಪಟ್ಟಿ, ಗುರುತಿನ ನೋಟ್‌ಬುಕ್ಕು.

"ಇದ್ರಲ್ಲಿ ಅದಿಲ್ಲ, ಅಂಕಲ್."

"ಹಾಗಾದ್ರೆ ಅದನ್ನ ತೀರಿಸೋರು ಯಾರಪ್ಪಾ?"

ಹುಡುಗ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಲ್ಲಿ ಏನೂ ಬರೆದಿರಲಿಲ್ಲ.