ಅಂಗಳಕ್ಕೆ ಬಂದ ಆಕಳು

ಕೆಂಪು ಸೋಪಿನ ಚೂರೊಂದು ತೆಂಗಿನ ಕರಟಕ್ಕೆ ಅಂಟಿಕೊಂಡಿತ್ತು. ಒದ್ದೆ ಮಾಡಿದ ಕೂಡಲೇ ಆ ಕಟು ವಾಸನೆ ಎದ್ದಿತು... ಡಾಕ್ಟರಮ್ಮ ಭುಜದವರೆಗೂ ತಿಕ್ಕಿಕೊಳ್ಳುತ್ತಿದ್ದ ಸೋಪು.

ಸಿದ್ದಾಪುರ ರಸ್ತೆಯಲ್ಲಿ ಊರವರೇ ಸೇರಿ ನಡೆಸುವ ದನದ ದವಾಖಾನೆಯ ಹಿತ್ತಿಲಲ್ಲಿ ಕೈ ತೊಳೆಯುತ್ತಿದ್ದೆ. ಎದುರಿನ ಪೆಂಡಾಲಿನಲ್ಲಿ ಎರಡು ಫೋಟೋಗಳಿಗೆ ಹಾರ ಹಾಕಿದ್ದರು. ಒಂದು ದೊಡ್ಡ ಡಾಕ್ಟರದು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಬಂದು ಇದನ್ನು ಶುರುಮಾಡಿದವರು. ಇನ್ನೊಂದು ಡಾಕ್ಟರಮ್ಮನದು, ಅವರ ಜೊತೆಗೆ ದುಡಿದು, ಅವರು ತೀರಿಕೊಂಡ ಮೇಲೂ ನಡೆಸಿದವರು. ಕಳೆದ ಮಳೆಗಾಲದಲ್ಲಿ ಅವರೂ ಹೋದರು.

ಮೈಕಿನಲ್ಲಿ ಆಚೆಮನೆ ಮಾವ ಮಾತಾಡುತ್ತಿದ್ದರು. ನಮ್ಮ ನೆರೆಯವರು, ಈಗ ದವಾಖಾನೆ ಸಮಿತಿಯ ಅಧ್ಯಕ್ಷರು. "ಡಾಕ್ಟರಮ್ಮ ನಮ್ಮ ಮನೆಮಗಳ ಹಾಗಿದ್ದರು. ಯಾವ ಹೊತ್ತಿಗೆ ಬಂದರೂ ನಮ್ಮ ಕೊಟ್ಟಿಗೆ ಬಾಗಿಲು ಅವರಿಗೆ ತೆರೆದೇ ಇತ್ತು." ಜನ ಚಪ್ಪಾಳೆ ತಟ್ಟಿದರು.

ಆ ಬಾಗಿಲು ತೆರೆದಿರಲಿಲ್ಲ. ನಾನು ಅಲ್ಲಿದ್ದೆ.

ಶಿರಸಿಯಲ್ಲಿ ಡಿಗ್ರಿ ಓದುತ್ತಿದ್ದ ಕಾಲ, ರಜೆಗೆ ಬಂದಿದ್ದೆ. ಮಾವನ ಆಕಳು ಕರು ಹಾಕಲಾರದೆ ಒದ್ದಾಡುತ್ತಿತ್ತು. ಕರುವಿನ ಒಂದೇ ಕಾಲು ಹೊರಗೆ ಕಂಡಿತ್ತು. ನಾನೇ ಫೋನ್ ಮಾಡಿದೆ. ಡಾಕ್ಟರಮ್ಮ ಸ್ಕೂಟರಿನಲ್ಲಿ ಬಂದರು, ಬಾವಿಕಟ್ಟೆಯಲ್ಲಿ ತೋಳು ತೊಳೆದುಕೊಂಡರು. ಮಾವ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತು ನನ್ನೊಡನೆ ತಗ್ಗಿದ ದನಿಯಲ್ಲಿ, "ತಂಗಿ, ಅವು ಹೊರಗಿಲ್ಲೆ ಅಲ್ದಾ? ಒಂದ್ಸಲ ಕೇಳು" ಎಂದರು. ಮುಟ್ಟಾದವರು ಕೊಟ್ಟಿಗೆ ತುಳಿಯಬಾರದು ಎನ್ನುವ ಮನೆ ಅದು.

ನಾನು ಕೇಳಲಿಲ್ಲ. ಅವರಿಗೇ ಕೇಳಿಸಿತ್ತು.

"ಹೌದು ಯಜಮಾನ್ರೇ, ಇವತ್ತು ಎರಡನೇ ದಿನ. ಕರುವಿನ ತಲೆ ಹಿಂದಕ್ಕೆ ತಿರುಗಿದ ಹಾಗೆ ಕಾಣ್ತದೆ. ನಾನು ಒಳಗೆ ಬರಲೋ, ಆಕಳೇ ಹೊರಗೆ ಬರ್ತದೋ?"

ಇಲ್ಲ ಎಂದುಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ನೋವು ತಿನ್ನುತ್ತಿರುವ ಪ್ರಾಣಿಯ ಹತ್ತಿರ ಹೋಗಲು ಡಾಕ್ಟರು ಸುಳ್ಳು ಹೇಳಬೇಕೆ?

ಮಾವ ಯಲ್ಲಾಪುರದ ಕಡೆ ಹೋಗಿದ್ದ ದೊಡ್ಡ ಡಾಕ್ಟರಿಗೆ ಫೋನ್ ಹಚ್ಚಿದರು. ನೀವೇ ಬನ್ನಿ, ಕಾಯುತ್ತೇವೆ ಎಂದರು. ಆ ಕಡೆಯ ಉತ್ತರ ಅಂಗಳದಲ್ಲಿದ್ದವರಿಗೆಲ್ಲ ಕೇಳಿಸಿತು. "ಕಾಯೂದು ನೀವು, ಸಾಯೂದು ಅದು. ಡಾಕ್ಟರು ಅಲ್ಲೇ ನಿಂತಿದಾರಲ್ಲ, ನಾನ್ಯಾಕೆ?" ಫೋನ್ ಇಟ್ಟರು.

ಮತ್ತೂ ಪಿಸುಮಾತು, ಮತ್ತೂ ತಡ... ಕೊನೆಗೆ ನಿಲ್ಲಲಾರದ ಆಕಳನ್ನು ಹಗ್ಗ ಹಿಡಿದು ಅಂಗಳಕ್ಕೆ ಎಳೆತಂದರು. ಡಾಕ್ಟರಮ್ಮ ಮಣ್ಣಿನ ಮೇಲೆಯೇ ಮಲಗಿ, ತೋಳು ಒಳಗೆ ಹಾಕಿ, ತಲೆ ನೇರ ಮಾಡಿ ಕರುವನ್ನು ಹೊರತಂದರು. ಹೆಣ್ಣುಗರು. ಸತ್ತಿತ್ತು. ಆಕಳು ಮಾತ್ರ ಉಳಿಯಿತು.

ಅವರು ಸ್ಕೂಟರ್ ಹತ್ತುವ ಮೊದಲೇ, ಅವರು ಮಲಗಿದ್ದ ಜಾಗಕ್ಕೆ ಮಾವನ ಹೆಂಡತಿ ಸಗಣಿ ನೀರು ಚಿಮುಕಿಸಿದರು. ಡಾಕ್ಟರಮ್ಮ ಅದನ್ನು ನೋಡಿದರು. "ಆಕಳಿಗೆ ಬೆಚ್ಚಗಿನ ನೀರು ಕುಡಿಸಿ" ಎಂದಷ್ಟೇ ಹೇಳಿ ಹೋದರು.

ಆಮೇಲೆ ದವಾಖಾನೆಗೆ ಒಂದು ಪದ್ಧತಿ ಬಂತು. ದೊಡ್ಡ ಡಾಕ್ಟರು ಫೋನ್ ಎತ್ತಿದರೆ ಮೊದಲು ಹೇಳುತ್ತಿದ್ದದ್ದು ಇಷ್ಟು: "ಯಾರು ಬರ್ತಾರೆ ಅಂತ ಕೇಳಬೇಡಿ. ಬಂದವರು ಡಾಕ್ಟರು." ಕೆಲವು ಮನೆಯವರು ಸಿಟ್ಟಾಗಿ ಕರೆಯುವುದನ್ನೇ ಬಿಟ್ಟರು. ಇವರಿಬ್ಬರೂ ಜಗ್ಗಲಿಲ್ಲ. ನಿಧಾನಕ್ಕೆ ಆ ಮನೆಗಳವರೂ ಕರೆದರು.

ಈಗ ಹೊಸದಾಗಿ ಬಂದಿರುವ ಡಾಕ್ಟರೂ ಹುಡುಗಿಯೇ. "ಆ ದಿನಗಳಲ್ಲಿ" ಅವಳು ಮನೆಯಲ್ಲೇ ಇರಬಹುದು, ಸಂಬಳ ಕಡಿಯುವುದಿಲ್ಲ ಎಂದು ಸಮಿತಿ ತೀರ್ಮಾನಿಸಿದೆಯಂತೆ. ಅದನ್ನು ಮಾವ ಮೈಕಿನಲ್ಲಿ ಉದಾರತೆ ಎಂದು ಸಾರಿದರು. ಆ ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಪರವಾಗಿ ಎದ್ದು ನಿಲ್ಲಬೇಕಿದ್ದ ಇಬ್ಬರೂ ಹಾರ ಹಾಕಿಸಿಕೊಂಡು ಫೋಟೋದಲ್ಲಿದ್ದರು.

ಊಟದ ಹೊತ್ತಿಗೆ ಮಾವ ಹತ್ತಿರ ಬಂದರು. "ತಂಗಿ, ಸ್ಮರಣ ಸಂಚಿಕೆಗೆ ನೀನೊಂದು ಬರಿ. ಓದಿದವಳು."

"ಆ ಕರುವಿನದು ಬರೀತೆ."

"ಅದೆಲ್ಲ ಎಂತಕ್ಕೆ ಈಗ? ಸತ್ತವರ ಬಗ್ಗೆ ಒಳ್ಳೇದೇ ಬರಿ."

"ಅವರ ಬಗ್ಗೆ ಒಳ್ಳೇದೇ ಬರೀತೆ, ಮಾವ."

ಇಲ್ಲಿಯವರೆಗೆ ಬರೆದದ್ದನ್ನು ಮರುದಿನ ಬೆಳಿಗ್ಗೆ ಅವರ ಮನೆಗೆ ಒಯ್ದೆ. ಕೊಟ್ಟು ಬರುವುದೆಂದೇ ಹೋಗಿದ್ದೆ. ಕೊಡಲಿಲ್ಲ, ಜಗುಲಿಯಲ್ಲಿ ನಿಂತು ಓದತೊಡಗಿದೆ. ನಾನು ಯಾರೆದುರೂ ಗಟ್ಟಿಯಾಗಿ ಓದಿದವಳಲ್ಲ. ಡಾಕ್ಟರಮ್ಮನ "ಇವತ್ತು ಎರಡನೇ ದಿನ" ಎಂಬ ಉತ್ತರಕ್ಕೆ ಬಂದಾಗ ಮಾವ ಕೈ ಅಡ್ಡ ಮಾಡಿದರು. "ಸಾಕು ತಂಗಿ. ಒಳಗೆ ಹೆಂಗಸ್ರಿಗೆ ಕೇಳ್ತು."

ದನಿ ಎತ್ತರಿಸಿ ಅದೇ ಸಾಲನ್ನು ಮತ್ತೊಮ್ಮೆ ಓದಿದೆ.