ಅಕ್ಕ ಹಾಕಿಸಿದ ಬೇಲಿ

ಅಕ್ಕನ ಕನ್ನಡಕದ ಬಲಗಡೆಯ ಕಡ್ಡಿ ಮುರಿದಿತ್ತು. ಅಲ್ಲಿಗೆ ಕರಿ ಉಣ್ಣೆಯ ದಾರ ಸುತ್ತಿಕೊಂಡಿದ್ದರು. ಕಂಪ್ಯೂಟರ್ ಪರದೆಯತ್ತ ಬಗ್ಗಿದಾಗ ದಾರದ ತುದಿ ಕೆನ್ನೆಗೆ ತಾಗುತ್ತಿತ್ತು, ಅವರು ಸರಿಸುತ್ತಿರಲಿಲ್ಲ. ಹೊಸದುರ್ಗದ ನಮ್ಮ ವಿಡಿಯೊ ಸ್ಟುಡಿಯೊದಲ್ಲಿ ಎಲ್ಲರಿಗೂ ಅವರು ಎಡಿಟರ್ ಅಕ್ಕ. ಜವನಗೊಂಡನಹಳ್ಳಿ ಕಡೆಯ ಕುರಿಗಾರರ ಮನೆಯವರು. ಸ್ಟುಡಿಯೊದಲ್ಲಿ ಅವರಿಗಿಂತ ಮೊದಲು ಕೆಲಸಕ್ಕೆ ಸೇರಿದವನು ನಾನು. ಆದರೆ ಅವರು ಬಂದ ಮೇಲೆ ಬಾಗಿಲಿಗೆ ಬಂದವರು ಯಾರೂ ನನ್ನನ್ನು ಕೇಳಲಿಲ್ಲ. "ಅಕ್ಕ ಇಲ್ವೇನ್ರಿ?" ಎಂದು ನನ್ನ ಹೆಗಲ ಮೇಲಿಂದ ಒಳಗೆ ನೋಡುತ್ತಿದ್ದರು.

ಹಳೆಯ ವಿಡಿಯೊ ಹುಡುಕಲು ನಾನು ಕಂಪ್ಯೂಟರಿಗೆ ಆಜ್ಞೆ ಕೊಡುವ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಬರೆದಿದ್ದೆ. ಕೊಟ್ಟ ಹೆಸರನ್ನು ಒಂದು ವೇರಿಯಬಲ್‌ನಲ್ಲಿ, ಅಂದರೆ ಡಾಲರ್ ಗುರುತು ಹಾಕಿ ಕರೆಯುವ ಡಬ್ಬಿಯಲ್ಲಿ, ಇಟ್ಟುಕೊಂಡು, ಫೈಂಡ್ ಆಜ್ಞೆಯಿಂದ ಎಲ್ಲ ಡಿಸ್ಕುಗಳನ್ನೂ ಜಾಲಾಡುತ್ತಿತ್ತು. ಎರರ್ ಸಾಲುಗಳು ಪರದೆ ತುಂಬದಿರಲೆಂದು ಅವು ಕಾಣದಂತೆ ಮಾಡಿದ್ದೆ. ಫೈಲಿನ ಹೆಸರಿನಲ್ಲಿ ಪದಗಳ ನಡುವೆ ಜಾಗ ಬಿಡಬಾರದು ಎಂಬುದು ನನ್ನ ನಿಯಮ. ಅಕ್ಕ ಒಪ್ಪಲಿಲ್ಲ.

"ಜನ ಹೆಂಗ್ ಕೇಳ್ತಾರೋ ಹಂಗೇ ಹೆಸ್ರು ಇಡಾಣ. ಯಾರಾದ್ರೂ ಪದಕ್ಕೆ ಪದ ಅಂಟಿಸಿ ಮಾತಾಡ್ತಾರೇನಪ್ಪ?"

ಒಂದು ಮಧ್ಯಾಹ್ನ ಶ್ರೀರಾಂಪುರದಿಂದ ಒಬ್ಬರು ಬಂದರು. ಅವರ ತಾಯಿ ತೀರಿಕೊಂಡಿದ್ದರು. ಮನೆಯ ಗೃಹಪ್ರವೇಶದ ವಿಡಿಯೊದಲ್ಲಿ ಆಕೆ ಮಾತಾಡಿದ್ದರಂತೆ. ಅದೊಂದು ಬಿಟ್ಟರೆ ಆಕೆಯ ದನಿ ಬೇರೆಲ್ಲೂ ಉಳಿದಿರಲಿಲ್ಲ. ನಾನು 'ಶ್ರೀರಾಂಪುರ ಗೃಹಪ್ರವೇಶ' ಎಂದು ಕೊಟ್ಟೆ. ಪರದೆ ಖಾಲಿ. "ಇಲ್ಲ" ಎಂದೆ. ಅವರು ಹೊರಡಲಿಲ್ಲ, ಕೂರಲೂ ಇಲ್ಲ.

ಅಕ್ಕ ನನ್ನ ಹಿಂದೆ ಬಂದು ಬಗ್ಗಿದರು.

"ಲೇ, ನಿನ್ನ ವೇರಿಯಬಲ್ ಬಯಲಾಗ್ ನಿಂತೈತೆ ನೋಡೋ. ಹೆಸ್ರಲ್ಲಿ ಎರಡು ಪದ ಅವೆ. ಬೇಲಿ ಇಲ್ದಿದ್ರೆ ಒಂದ್ ಕುರಿ ಅತ್ಲಾಗೆ, ಒಂದ್ ಕುರಿ ಇತ್ಲಾಗೆ. ಫೈಂಡ್ ಬೈದೈತೆ, ಆ ಬೈಗುಳಾನೂ ನೀನೇ ಮುಚ್ಚಿಟ್ಟೀಯ!"

ಅವರಿಗಿಂತ ಮೊದಲು ಸರಿಪಡಿಸಬೇಕೆಂಬ ಅವಸರದಲ್ಲಿ ನಾನು ವೇರಿಯಬಲ್‌ನ ಎರಡೂ ಬದಿಗೆ ಒಂಟಿ ಕೋಟ್, ಅಂದರೆ ಒಂಟಿ ಉದ್ಧರಣ ಚಿಹ್ನೆ, ಹಾಕಿದೆ. ಮತ್ತೆ ಖಾಲಿ. ಅಕ್ಕ ನಕ್ಕರು.

"ಒಂಟಿ ಕೋಟ್ ಅಂದ್ರೆ ಗೋಡೆ. ಒಳಗಿನ ಹೆಸ್ರು ಕಾಣಾಕಿಲ್ಲ, ಬರೇ ಡಾಲರ್ ಗುರ್ತನ್ನ ಹುಡುಕ್ತೈತೆ. ಜೋಡಿ ಕೋಟ್ ಹಾಕು. ಅದು ಬೇಲಿ. ಒಳಗಿರೋದು ಕಾಣ್ತೈತೆ, ಚದುರಾಕಿಲ್ಲ."

ಹಾಕಿದೆ. ಒಂದೇ ಸಾಲು ಬಂತು. ಸ್ಪೀಕರಿನಲ್ಲಿ ಆ ತಾಯಿ "ಎಲ್ರೂ ಉಂಡೇ ಹೋಗ್ರಿ" ಎಂದರು. ಮಗ ಮೇಜಿನ ಅಂಚು ಹಿಡಿದುಕೊಂಡರು. ಆಮೇಲೆ ಅಕ್ಕನಿಗೆ ಕೈ ಮುಗಿದರು.

"ಹುಡುಕಿದ್ದು ಅವ್ನು ಕಣ್ರಿ. ನಾನು ಬೇಲಿ ನೋಡ್ದೆ, ಅಷ್ಟೇ" ಎಂದರು ಅಕ್ಕ.

ಶ್ರೀರಾಂಪುರದವರು ನನ್ನತ್ತ ತಿರುಗಿ ನನಗೂ ಕೈ ಮುಗಿದರು. ಆ ಎರಡನೆಯ ನಮಸ್ಕಾರವೇ ನನ್ನ ಹೊಟ್ಟೆ ಉರಿಸಿತು. ಅಕ್ಕ ಕಸಿದುಕೊಂಡಿದ್ದರೆ ಜಗಳವಾಡಬಹುದಿತ್ತು. ಅವರು ಕೊಟ್ಟುಬಿಟ್ಟರು.

ಅಂದು ಸಂಜೆಯೇ ನನ್ನ ಎಲ್ಲ ಸ್ಕ್ರಿಪ್ಟುಗಳಿಗೂ ಜೋಡಿ ಕೋಟ್ ಹಾಕಿದೆ. ಕಲಿತೆನೆಂದಲ್ಲ, ಅವರು ಇನ್ನೊಮ್ಮೆ ನನ್ನ ಹಿಂದೆ ಬಗ್ಗಬಾರದೆಂದು. ಆದರೂ ಬಗ್ಗುತ್ತಿದ್ದರು. "ಇಲ್ಲ ಅನ್ನಾಕ್ ಮುಂಚೆ ಬೇಲಿ ನೋಡ್ಕೋ" ಎನ್ನುತ್ತಿದ್ದರು. ಬಂದವರು ಅವರನ್ನೇ ಕೇಳುತ್ತಿದ್ದರು.

ಈ ಸಲದ ಚಳಿಗಾಲದಲ್ಲಿ ಜ್ವರವೆಂದು ಊರಿಗೆ ಹೋದ ಅಕ್ಕ ಬದುಕಿ ಬರಲಿಲ್ಲ. ಕೆಲವು ದಿನಗಳ ಮೇಲೆ ಅವರ ಮಗಳು ಬಂದಳು. ಆ ಕನ್ನಡಕ ಅವಳ ಕೈಯಲ್ಲಿತ್ತು.

"ಅಣ್ಣ, ನಮ್ಮವ್ವ ಮಾತಾಡಿದ್ದು ಒಂದಾದ್ರೂ ಐತೇನು?"

ಚಿತ್ರೀಕರಣದಲ್ಲಿ ತಮ್ಮ ದನಿ ಎಲ್ಲಿ ಸೇರಿದ್ದರೂ ಅಕ್ಕ ಕತ್ತರಿಸಿಬಿಡುತ್ತಿದ್ದರು. ಅದು ಗೊತ್ತಿದ್ದೂ ಹುಡುಕಿದೆ. ಅವರ ಹೆಸರು, ಊರು, ಮನೆತನ, ಒಂದೊಂದಾಗಿ ಕೊಟ್ಟೆ. ಬೇಲಿ ನೋಡಿದೆ, ಎರಡೂ ಕಡೆ ಸರಿಯಾಗಿತ್ತು. ಎರರ್ ಸಾಲುಗಳನ್ನೂ ಕಾಣುವಂತೆ ಮಾಡಿದೆ. ಒಂದು ಬೈಗುಳವೂ ಬರಲಿಲ್ಲ. ಪರದೆ ಖಾಲಿಯೇ ಇತ್ತು.

ಆಗ ಆ ಶ್ರೀರಾಂಪುರದವರ ಮೇಲೆ ಹೊಟ್ಟೆಕಿಚ್ಚಾಯಿತು. ಅವರಿಗೆ ನಾನು ಹೇಳಿದ 'ಇಲ್ಲ'ವನ್ನು ಸುಳ್ಳು ಮಾಡಲು ನನ್ನ ಬೆನ್ನ ಹಿಂದೆ ಒಬ್ಬರಿದ್ದರು.

ಹುಡುಗಿ ಕಾಯುತ್ತಿದ್ದಳು. ನಾನು ಕುರ್ಚಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಬಗ್ಗಿ ನೋಡುವವರಿಗೆ ಜಾಗ ಬಿಟ್ಟು ಕೂತೆ. ಆಮೇಲೆ "ಇಲ್ಲಮ್ಮ" ಎಂದೆ.