ಗಂಜಿ ಹಚ್ಚಿದ ನೋಟು

ಬೆಳಿಗ್ಗೆ ಒಲೆಯ ಮೇಲೆ ಗಂಜಿ ಉಕ್ಕಿ ಸೀದ ವಾಸನೆ. ಸೊಸೆಯನ್ನು ಗದರಿಸಲೂ ತ್ರಾಣವಿಲ್ಲ ನನಗೆ. ಮೊಳಕಾಲ್ಮೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅತ್ತೆ ನೆನಪಾದಳು... ಸ್ವಂತ ಅತ್ತೆಯಲ್ಲ, ಕೇರಿಗೆಲ್ಲ ಅತ್ತೆ.

ಆಗ ನಾನು ಸೀರೆ ಗಂಟು ಹೊತ್ತು ಮಾರುತ್ತ ಚಳ್ಳಕೆರೆಯವರೆಗೂ ಅಲೆಯುತ್ತಿದ್ದೆ. ಅತ್ತೆ ತನ್ನ ಗಂಡ ತೀರಿಕೊಂಡ ಮೇಲೆ ಸಾಹುಕಾರನ ಮಗ್ಗದಲ್ಲಿ ಕೂಲಿಗೆ ನೇಯುತ್ತಿದ್ದಳು. ಸ್ವಂತಕ್ಕೊಂದು ಮಗ್ಗ ಬೇಕು, ಅದೊಂದೇ ಹಂಬಲ. ಅವಳ ಪೆಟ್ಟಿಗೆಯಲ್ಲಿ ಗಂಡನ ಅಪ್ಪನ ಕಾಲದ ಹತ್ತು ರೂಪಾಯಿ ನೋಟೊಂದಿತ್ತು. ಮೂಲೆಯಲ್ಲಿ ರಾಣಿಯ ಮುಖ, ಕೆಳಗೆ ಶಾಯಿಯ ಸಹಿ. ಅಂಥ ನೋಟುಗಳು ಚಲಾವಣೆಯಿಂದ ಹೋಗಿ ಎಷ್ಟೋ ಕಾಲವಾಗಿತ್ತು.

ವರವು ಊರಿನ ಕಾವಲಿನಲ್ಲಿ ಮೇಯುವ ಸರ್ಕಾರಿ ದನ ನೋಡಲು ಬಂದು ಡೇರೆ ಹಾಕಿದ್ದ ಬಿಳಿ ದೊರೆಗೆ ಹಳೇ ನೋಟು ಕೂಡಿಡುವ ಖಯಾಲಿ ಎಂದು ಸಂತೆಯಲ್ಲಿ ಕೇಳಿದೆ. ಬಂದು ಹೇಳಿದಾಗ ಅತ್ತೆ ನನ್ನ ಗಲ್ಲ ಹಿಡಿದಳು.

"ನಿಜವಾ ನಾಯನಾ? ಮಗ್ಗ ಬಂದಂಗೇ ಬಿಡು!"

ಎತ್ತಿನ ಗಾಡಿಯಲ್ಲಿ ಹೋದೆವು. ಮೈಯೆಲ್ಲ ನುಗ್ಗಾಗಿತ್ತು. ದೊರೆ ಕಣ್ಣಿಗೆ ಭೂತಗನ್ನಡಿ ಹಿಡಿದ, ನೋಟನ್ನು ಬಿಸಿಲಿಗೆ ಎತ್ತಿದ, ಬೆರಳಲ್ಲಿ ಸವರಿದ, ಮೂಸಿದ. ಮುಖ ಗಂಟಾಯಿತು. ಪಕ್ಕದಲ್ಲಿದ್ದ ದುಭಾಷಿ ಕೇಳಿದ:

"ಏನು ಮಾಡಿದ್ರಮ್ಮಾ ಇದಕ್ಕೆ?"

ಅತ್ತೆ ಹೆಮ್ಮೆಯಿಂದಲೇ ಅಂದಳು: "ಸುಕ್ಕಾಗಿತ್ತು ರೀ, ದೊರೆ ಕೈಗೆ ಹಂಗೇ ಕೊಡಾದಾ? ಅಂಟುವಾಳದ ನೀರಾಗೆ ಅದ್ದಿ, ಸೀರೆಗೆ ಹಚ್ಚಂಗೆ ತೆಳ್ಳಗೆ ಗಂಜಿ ಹಚ್ಚಿ, ಕೆಂಡ ತುಂಬಿದ ಚೊಂಬಿನಿಂದ ಇಸ್ತ್ರಿ ತಿಕ್ಕೀನಿ. ನೋಡ್ರಿ, ಹೊಸಾದಿದ್ದಂಗೈತೆ!"

"ಸಹಿ ಎಲ್ಲಮ್ಮಾ?"

ಸಹಿಯಿದ್ದಲ್ಲಿ ಒಂದು ಕಲೆ ಮಾತ್ರ ಉಳಿದಿತ್ತು. ದೊರೆ ಏನೋ ಗೊಣಗಿದ. ದುಭಾಷಿ ಹೇಳಿದ:

"ಸುಕ್ಕಿದ್ರೂ ಹಂಗೇ ತಂದಿದ್ರೆ ನೂರು ರೂಪಾಯಿ ಕೊಡ್ತಿದ್ರಂತೆ. ಈಗ ಬೇಡವಂತೆ."

ಅಯ್ಯೋ ಶಿವನೇ! ಆ ಹೊತ್ತು ನನಗೆ ಎಂಥ ಸಿಟ್ಟು ಬಂತೆಂದರೆ... ಯಾರ ಮೇಲೆ ಅಂತ ಇವತ್ತಿಗೂ ತಿಳಿದಿಲ್ಲ. ಮರ್ಯಾದೆಯಿಂದ ಕೊಡಬೇಕೆಂದು ಮಾಡಿದ ಕೆಲಸವಲ್ಲವೇ ಅದು?

ವಾಪಸು ಬರುತ್ತ ಊರು ಕಾಣುವಾಗ ಅತ್ತೆ, "ನನ್ನ ಕೈಯಾರೆ ತೊಳೆದ್ನಲ್ಲೋ..." ಅಂದಳು. ಗಾಡಿಯಿಳಿದು ಮನೆಗೆ ಹೋಗಲಿಲ್ಲ. "ಸೆರಗು ನೇಯೋದು ಬಾಕಿ ಐತೆ, ಬರ್ತೀನಿ," ಎಂದು ಸಾಹುಕಾರನ ಮನೆಯತ್ತ ನಡೆದಳು. ಮಗ್ಗದ ಮಾತನ್ನು ಆಮೇಲೆ ಎತ್ತಲೇ ಇಲ್ಲ.

ಈಗ ಆ ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ನನಗೂ ವಯಸ್ಸಾಯಿತು, ಗಂಟು ಹೊರುವುದು ಬಿಟ್ಟೆ. ಅತ್ತೆ ತೀರಿಕೊಂಡ ದಿನದ ಒಂದು ಮಾತು ಮಾತ್ರ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೆಣ ಇನ್ನೂ ಅಂಗಳದಲ್ಲಿತ್ತು. ಸಾಹುಕಾರನ ಆಳು ಬಂದು ಬಾಗಿಲಲ್ಲಿ ನಿಂತು ಕೇಳಿದ: "ಅರ್ಧ ಸೀರೆ ಮಗ್ಗದಾಗೇ ಐತೆ, ಇನ್ನು ಯಾರು ಕೂರ್ತೀರಿ?"